ಹಾಲಿ ರೂಪಾಯಿ, ಕಲ್ದಾರ ರೂಪಾಯಿ

ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಸಂಜೆಯ ಹೊತ್ತು ಯಾವುದಾದರೊಂದು ಅಂಗಡಿಯ ಟೆಲಿವಿಷನ್ನಿನಲ್ಲಿ ಟೆಸ್ಟ್ ಪಂದ್ಯ ನಡೆದಿದ್ದರೆ, ಬೇಳೆ ಕೊಳ್ಳಲು ಬಂದವರೂ ಬಟ್ಟೆ ಕೊಳ್ಳಲು ಬಂದವರೂ ಒಂದು ಗಳಿಗೆ ಅಲ್ಲಿ ನಿಲ್ಲದೆ ಮುಂದೆ ಹೋಗುವುದಿಲ್ಲ. ನಿಂತವರಲ್ಲಿ ಒಬ್ಬ ಹಿರಿಯನೂ ಒಬ್ಬ ಕಿರಿಯನೂ ಇದ್ದರೆ ಸಾಕು. ಪರದೆಯ ಮೇಲಿನ ಪಂದ್ಯಕ್ಕಿಂತ ಅವರ ಪಂದ್ಯವೇ ಹೆಚ್ಚು ರಂಗೇರುತ್ತದೆ.

"ಮುತ್ಯಾ, ಕುಂಬ್ಳೆ ಆರುನೂರಾ ಹತ್ತೊಂಬತ್ತು ವಿಕೆಟ್ ತೊಗೊಂಡಾನ. ನಿಮ್ಮ ಚಂದ್ರಶೇಖರ್ ಎಷ್ಟು? ಇನ್ನೂರಾ ನಲವತ್ತೆರಡು. ಲೆಕ್ಕ ಮುಗೀತಲ್ಲ!"

"ಏ ತಮ್ಮಾ, ಲೆಕ್ಕ ಮುಗದಿಲ್ಲ. ಈಗ ಶುರು ಆಗ್ಯಾದ."

ಇಂಥ ಮಾತು ಕನ್ನಡ ನಾಡಿನ ಎಲ್ಲ ಊರುಗಳಲ್ಲಿಯೂ ನಡೆಯುವುದುಂಟು. ಆದರೆ ಕಲಬುರಗಿಯಲ್ಲಿ ಈ ವಾದಕ್ಕೆ ಒಂದು ಪದರ ಹೆಚ್ಚು. 1956 ರ ನವೆಂಬರ್ 1 ರವರೆಗೆ ಈ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಅಂದಿನ ಹುಡುಗರಿಗೆ ತಮ್ಮ ಸೀಮೆಯ ಆಟಗಾರನೆಂದರೆ ಹೈದರಾಬಾದಿನ ಗುಲಾಮ್ ಅಹಮದ್. ಅನಂತರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ 'ನಮ್ಮವ'ರಾದರು. 15 ವರ್ಷ ಸತತವಾಗಿ ರಣಜಿ ಟ್ರೋಫಿಯನ್ನು ಗೆದ್ದಿದ್ದ ಮುಂಬಯಿಯನ್ನು 1973–74 ರಲ್ಲಿ ಸೆಮಿಫೈನಲ್ಲಿನಲ್ಲಿ ಕೆಡವಿ, ಕೊನೆಗೆ ಟ್ರೋಫಿಯನ್ನೂ ಎತ್ತಿದ ತಂಡ ಅವರದು. ಮೂರನೆಯ ಪೀಳಿಗೆಗೆ ಕುಂಬ್ಳೆ, ಶ್ರೀನಾಥ್, ದ್ರಾವಿಡ್. ಹೀಗೆ ಒಂದೇ ಮನೆಯಲ್ಲಿ ಮೂರು ಕಾಲದ ಮೂವರು ವೀರರು ನೆಲೆಸಿರುವಾಗ, ಊಟದ ಹೊತ್ತಿನಲ್ಲಿ ಜಗಳ ಹುಟ್ಟದಿದ್ದರೆ ಅದೇ ಆಶ್ಚರ್ಯ.

ಈ ಜಗಳದಲ್ಲಿ ಕಿರಿಯರ ಆಯುಧ ಅಂಕಿ. ಹಿರಿಯರ ಆಯುಧ ನೆನಪು. ಎರಡಕ್ಕೂ ಒಂದೊಂದು ದೋಷವಿದೆ. ಅಂಕಿಯು ಎಲ್ಲ ವಿಕೆಟ್ಟುಗಳನ್ನೂ ಒಂದೇ ಬೆಲೆಯವೆಂದು ಎಣಿಸುತ್ತದೆ. ನೆನಪು ಒಳ್ಳೆಯ ದಿನಗಳನ್ನು ಮಾತ್ರ ಉಳಿಸಿಕೊಂಡು, ವಿಕೆಟ್ಟಿಲ್ಲದೆ ಬಿಸಿಲಿನಲ್ಲಿ ಬೆವರು ಸುರಿಸಿದ ದಿನಗಳನ್ನು ಮೆಲ್ಲನೆ ಮರೆಸಿಬಿಡುತ್ತದೆ. ಆದ್ದರಿಂದ ಎರಡು ಪಕ್ಷದವರೂ ತಮ್ಮ ತಮ್ಮ ಸಾಕ್ಷಿಯನ್ನು ಪೂರ್ತಿಯಾಗಿ ನಂಬುವಂತಿಲ್ಲ.

ಇದಕ್ಕೆ ಪರಿಹಾರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಈ ಊರಿನ ಹಳೆಯ ವರ್ತಕರಿಗೇ ಅದು ಗೊತ್ತಿತ್ತು. ನಿಜಾಮರ ಸೀಮೆಯಲ್ಲಿ ಎರಡು ರೂಪಾಯಿಗಳು ನಡೆಯುತ್ತಿದ್ದವು. ಒಂದು ಹೈದರಾಬಾದಿನ ಹಾಲಿ ಸಿಕ್ಕಾ ರೂಪಾಯಿ. ಇನ್ನೊಂದು ಬ್ರಿಟಿಷ್ ಸರಕಾರದ ಕಲ್ದಾರ ರೂಪಾಯಿ. ಹೆಸರು ಎರಡಕ್ಕೂ ರೂಪಾಯಿಯೇ, ಬೆಲೆ ಮಾತ್ರ ಬೇರೆ: 7 ಹಾಲಿ ರೂಪಾಯಿಗೆ 6 ಕಲ್ದಾರ. 1948 ರಲ್ಲಿ ಹೈದರಾಬಾದು ಭಾರತದೊಡನೆ ಸೇರಿದ ಮೇಲೂ ಕೆಲವು ವರ್ಷ ಈ ಎರಡು ನಾಣ್ಯಗಳ ವ್ಯವಹಾರ ನಡೆದೇ ಇತ್ತು. "ನೂರು ರೂಪಾಯಿ ಕೊಡುತ್ತೇನೆ" ಎಂದು ಗಿರಾಕಿ ಹೇಳಿದರೆ ವರ್ತಕನ ಮೊದಲ ಪ್ರಶ್ನೆ, "ಯಾವ ರೂಪಾಯಿ?" ಎಂಬುದು. ಕ್ರಿಕೆಟ್ಟಿನ ವಾದಿಗಳು ಕೇಳದೆ ಬಿಡುವ ಪ್ರಶ್ನೆಯೂ ಇದೇ. ಯಾವ ಕಾಲದ ರನ್ನು? ಯಾವ ಕಾಲದ ವಿಕೆಟ್ಟು?

ಆಟಗಾರನ ಕಾಲದ ಬೆಲೆಯನ್ನು ತಿಳಿಯುವ ನೇರವಾದ ಉಪಾಯವೆಂದರೆ ಅವನನ್ನು ಅವನ ಸಮಕಾಲೀನರ ಪಕ್ಕದಲ್ಲಿ ನಿಲ್ಲಿಸುವುದು. ಆಸ್ಟ್ರೇಲಿಯದ ಬ್ರಾಡ್ಮನ್ನನನ್ನು ತೆಗೆದುಕೊಳ್ಳಬಹುದು. 52 ಟೆಸ್ಟುಗಳಲ್ಲಿ 6996 ರನ್ನು, ಸರಾಸರಿ 99.94. 1948 ರಲ್ಲಿ ಓವಲ್ ಮೈದಾನದ ಕೊನೆಯ ಇನ್ನಿಂಗ್ಸಿನಲ್ಲಿ ಸೊನ್ನೆಗೆ ಔಟಾಗದೆ ನಾಲ್ಕೇ ನಾಲ್ಕು ರನ್ನು ಗಳಿಸಿದ್ದರೆ ಅದು ಪೂರ್ಣ ನೂರಾಗುತ್ತಿತ್ತು. "ಅಂದಿನ ಬೌಲಿಂಗೇ ಸುಲಭ" ಎಂದು ಇಂದಿನ ಹುಡುಗ ಹೇಳಬಹುದು. ಆದರೆ ಅದೇ ಕಾಲದಲ್ಲಿ ಆಡಿದ ಇಂಗ್ಲೆಂಡಿನ ಸಟ್‌ಕ್ಲಿಫ್, ವೆಸ್ಟ್ ಇಂಡೀಸಿನ ಹೆಡ್ಲಿ ಇವರಿಬ್ಬರ ಸರಾಸರಿಯೂ 60 ನ್ನು ದಾಟಿದರೂ 61 ನ್ನು ಮುಟ್ಟಲಿಲ್ಲ. ಬೌಲಿಂಗು ಸುಲಭವಾಗಿದ್ದರೆ ಅದು ಅವರಿಗೂ ಸುಲಭವಾಗಬೇಕಿತ್ತು. ಬ್ರಾಡ್ಮನ್ನನನ್ನು ಇಂದಿನ ಮೈದಾನಕ್ಕೆ ಎಳೆದು ತರದೆಯೇ ಅವನ ಎತ್ತರ ಹೀಗೆ ಸಿದ್ಧವಾಗುತ್ತದೆ.

ಇದೇ ಸೂತ್ರವನ್ನು ಮನೆಯ ಆಟಗಾರರಿಗೆ ಅನ್ವಯಿಸಿದರೆ ಏನಾಗುತ್ತದೆ? ಗುಂಡಪ್ಪ ವಿಶ್ವನಾಥರು 91 ಟೆಸ್ಟುಗಳಲ್ಲಿ 6080 ರನ್ನು ಗಳಿಸಿದರು; ಸರಾಸರಿ 41.93. ರಾಹುಲ್ ದ್ರಾವಿಡರದು 164 ಟೆಸ್ಟುಗಳಲ್ಲಿ 13,288, ಸರಾಸರಿ 52.31. ಮೇಲುನೋಟಕ್ಕೆ ಹತ್ತು ರನ್ನಿನ ಅಂತರ. ಆದರೆ ವಿಶ್ವನಾಥರ ಕಾಲದ ಭಾರತ ತಂಡದ ಪ್ರಮುಖರಲ್ಲಿ ಸರಾಸರಿ 50 ನ್ನು ದಾಟಿದವರು ಗಾವಸ್ಕರ್ ಒಬ್ಬರೇ. ಮೊಹಿಂದರ್ ಅಮರನಾಥ್, ವೆಂಗ್‌ಸರ್ಕಾರ್ ಇಬ್ಬರೂ 42 ರ ಆಸುಪಾಸಿನಲ್ಲಿ ನಿಂತರು. ದ್ರಾವಿಡರ ಕಾಲದಲ್ಲಿಯೋ, ತೆಂಡೂಲ್ಕರ್ 53.78, ಪಾಂಟಿಂಗ್ 51.85, ಕ್ಯಾಲಿಸ್ 55.37, ಐವತ್ತರ ಮೇಲಿನ ಮಹಡಿಯಲ್ಲಿ ಜನಸಂದಣಿಯೇ ಇತ್ತು. ಹೀಗೆ ನಾಣ್ಯ ಬದಲಿಸಿದ ಮೇಲೆ ಅಂತರ ಕುಗ್ಗುತ್ತದೆ; ಆದರೆ ಅಳಿದುಹೋಗುವುದಿಲ್ಲ. ದೀರ್ಘಕಾಲದ ಗಳಿಕೆಯಲ್ಲಿ ದ್ರಾವಿಡರೇ ಮುಂದೆಂದು ಹಿರಿಯರು ಒಪ್ಪಬೇಕಾಗುತ್ತದೆ.

ಆದರೆ ಕಿರಿಯರೂ ಒಂದನ್ನು ಒಪ್ಪಬೇಕು. 1975 ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ಟು ಕಿತ್ತಾಗ ಭಾರತದ ಮೊತ್ತ 190. ಅದರಲ್ಲಿ 97 ವಿಶ್ವನಾಥರದು, ಔಟಾಗದೆ. ತಲೆಗೆ ಹೆಲ್ಮೆಟ್ಟು ಎಂಬುದನ್ನು ಆಟಗಾರರು ಇನ್ನೂ ಕಾಣದ ದಿನಗಳವು. ಭಾರತ ಆ ಪಂದ್ಯವನ್ನು 100 ರನ್ನುಗಳಿಂದ ಗೆದ್ದಿತು. ದಾಖಲೆಯ ಪುಸ್ತಕದಲ್ಲಿ ಶತಕಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರೂ ಈ ಇನ್ನಿಂಗ್ಸು ಸಿಕ್ಕುವುದಿಲ್ಲ, ಏಕೆಂದರೆ ಅದು ಶತಕವೇ ಅಲ್ಲ! ಪಟ್ಟಿಗಳನ್ನು ಮಾತ್ರ ಓದುವವರು ಏನನ್ನು ಕಳೆದುಕೊಳ್ಳುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ಚಂದ್ರಶೇಖರ್ ಮತ್ತು ಕುಂಬ್ಳೆಯವರ ವಿಷಯ. 619 ಕ್ಕೆ ಎದುರಾಗಿ 242 ಎಂಬ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿದರೆ ಒಂದು ವಿಸ್ಮಯ ಕಾದಿದೆ. ಚಂದ್ರಶೇಖರ್ 58 ಟೆಸ್ಟುಗಳಲ್ಲಿ ಎಸೆದ ಚೆಂಡುಗಳು 15,963. ಕುಂಬ್ಳೆ 132 ಟೆಸ್ಟುಗಳಲ್ಲಿ ಎಸೆದವು 40,850. ಭಾಗಿಸಿ ನೋಡಿದರೆ ಇಬ್ಬರಿಗೂ ಸುಮಾರು 66 ಚೆಂಡಿಗೆ ಒಂದು ವಿಕೆಟ್ಟು! ಒಂದು ವಿಕೆಟ್ಟಿಗೆ ಕೊಟ್ಟ ರನ್ನು ಚಂದ್ರಶೇಖರರದು 29.74, ಕುಂಬ್ಳೆಯವರದು 29.65. ಒಬ್ಬರು 1945 ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಇನ್ನೊಬ್ಬರು 1970 ರಲ್ಲಿ ಬೆಂಗಳೂರಿನಲ್ಲಿ. ಇಬ್ಬರೂ ಲೆಗ್ ಸ್ಪಿನ್ನರು. ಇಬ್ಬರೂ ಚೆಂಡನ್ನು ತಿರುಗಿಸುವುದಕ್ಕಿಂತ ವೇಗದಿಂದಲೂ ಪುಟಿತದಿಂದಲೂ ಎದುರಾಳಿಯನ್ನು ಕೆಡವಿದವರು. ಕಾಲು ಶತಮಾನದ ಅಂತರದಲ್ಲಿ ಒಂದೇ ನಾಡು ಇಂಥ ಜೋಡಿಯನ್ನು ಹೆತ್ತದ್ದು ಸಾಮಾನ್ಯ ಸಂಗತಿಯಲ್ಲ.

ಹಾಗಾದರೆ ಇಬ್ಬರೂ ಸಮಾನರೆಂದು ತೀರ್ಪು ಕೊಟ್ಟು ಏಳಬಹುದೇ? ಕಮಲಾಪುರದ ಕೆಂಪು ಬಾಳೆಯನ್ನೂ ಏಲಕ್ಕಿ ಬಾಳೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ತೂಕ ಸಮವಾಗಬಹುದು; ರುಚಿಯ ಸುದ್ದಿ ತಕ್ಕಡಿಗೆ ತಿಳಿಯದು. ಚಂದ್ರಶೇಖರರ ಬಲಗೈಯನ್ನು ಬಾಲ್ಯದಲ್ಲಿ ಪೋಲಿಯೋ ಒಣಗಿಸಿತ್ತು. ಆ ಕೈಯಿಂದಲೇ ಅವರು ಬೌಲ್ ಮಾಡಿದರು. ಮೈದಾನದಲ್ಲಿ ಚೆಂಡನ್ನು ಹಿಂತಿರುಗಿಸಿ ಎಸೆಯುವಾಗ ಮಾತ್ರ ಎಡಗೈ. 1971 ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ಟು ಕಿತ್ತು ಇಂಗ್ಲೆಂಡನ್ನು 101 ಕ್ಕೆ ಉರುಳಿಸಿ, ಆ ನೆಲದ ಮೇಲೆ ಭಾರತಕ್ಕೆ ಮೊತ್ತಮೊದಲ ಟೆಸ್ಟ್ ಗೆಲುವನ್ನು ತಂದುಕೊಟ್ಟದ್ದು ಆ ಬಲಗೈಯೇ. ಮೇಲಾಗಿ ಬೇಡಿ, ಪ್ರಸನ್ನ, ವೆಂಕಟರಾಘವನ್ ಎಂಬ ಮೂವರು ಮಹಾ ಸ್ಪಿನ್ನರುಗಳೊಡನೆ ಅವರು ವಿಕೆಟ್ಟುಗಳನ್ನು ಹಂಚಿಕೊಂಡು ಉಣ್ಣಬೇಕಾಗಿತ್ತು.

ಕುಂಬ್ಳೆಯವರ ಪರವಾದ ಸಾಕ್ಷ್ಯವೂ ಅಷ್ಟೇ ಗಟ್ಟಿ. 1999 ರ ಫೆಬ್ರವರಿಯಲ್ಲಿ ದಿಲ್ಲಿಯಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತು ವಿಕೆಟ್ಟುಗಳನ್ನೂ 74 ರನ್ನಿಗೆ ಪಡೆದರು. ಅದಕ್ಕೆ ಮೊದಲು ಟೆಸ್ಟಿನಲ್ಲಿ ಆ ಸಾಹಸ ಮಾಡಿದ್ದವರು 1956 ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ. ಅನಂತರ 2021 ರಲ್ಲಿ ನ್ಯೂಜಿಲೆಂಡಿನ ಏಜಾಜ್ ಪಟೇಲ್. 2002 ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬಂದು 14 ಓವರು ಬೌಲ್ ಮಾಡಿ ಲಾರಾರ ವಿಕೆಟ್ಟನ್ನು ಕಿತ್ತರು. ಅವರ ಕಾಲಕ್ಕೆ ಬ್ಯಾಟುಗಾರರು ಬೌಲರನ ಕೈಬೆರಳಿನ ಚಲನೆಯನ್ನು ವಿಡಿಯೋದಲ್ಲಿ ನಿಧಾನವಾಗಿ ಓಡಿಸಿ ಅಭ್ಯಾಸ ಮಾಡಬಲ್ಲವರಾಗಿದ್ದರು. ಚಂದ್ರಶೇಖರರ ಗುಟ್ಟನ್ನು ಕಂಡುಹಿಡಿಯಬೇಕಾದರೆ ಅವರೆದುರು ಕ್ರೀಸಿನಲ್ಲಿ ನಿಲ್ಲುವುದೇ ಮುಖ್ಯ ದಾರಿಯಾಗಿತ್ತು. ಎಲ್ಲರಿಗೂ ಗುಟ್ಟು ಗೊತ್ತಾದ ಮೇಲೂ 18 ವರ್ಷ ಅದೇ ಮಟ್ಟವನ್ನು ಕಾಯ್ದುಕೊಳ್ಳುವುದು ಸಣ್ಣ ತಪಸ್ಸಲ್ಲ. ಒಂದೇ ದಿನದಲ್ಲಿ ಪಂದ್ಯವನ್ನು ತಲೆಕೆಳಗು ಮಾಡುವವನು ಬೇಕೆನ್ನುವವರಿಗೆ ಚಂದ್ರಶೇಖರ್. ವರ್ಷವಿಡೀ ನೊಗ ಹೊರುವವನು ಬೇಕೆನ್ನುವವರಿಗೆ ಕುಂಬ್ಳೆ. ಇಲ್ಲಿ ವಾದ ಆಟಗಾರರದಲ್ಲ, ಆರಿಸುವವರ ಅಗತ್ಯದ್ದು.

ಇವೆಲ್ಲಕ್ಕಿಂತ ಕಠಿಣವಾದುದು ಅವಕಾಶದ ಲೆಕ್ಕ. ಗುಲಾಮ್ ಅಹಮದರು ಸುಮಾರು ಹತ್ತು ವರ್ಷಗಳಲ್ಲಿ ಆಡಿದ್ದು 22 ಟೆಸ್ಟು, ಪಡೆದದ್ದು 68 ವಿಕೆಟ್ಟು, ಸರಾಸರಿ 30.17. ಅವರಂತೆಯೇ ಆಫ್ ಸ್ಪಿನ್ನರಾದ ಪ್ರಸನ್ನರದು 49 ಟೆಸ್ಟು, 189 ವಿಕೆಟ್ಟು, ಸರಾಸರಿ 30.38. ಇಲ್ಲಿಯೂ ಅವಳಿ ಅಂಕಿಗಳೇ! ಪ್ರಸನ್ನರಾದರೋ 1962 ರಲ್ಲಿ ಟೆಸ್ಟ್ ಆಟಗಾರರಾದವರು ಎಂಜಿನಿಯರಿಂಗ್ ಓದು ಮುಗಿಸುವುದಕ್ಕಾಗಿ ಸುಮಾರು ಐದು ವರ್ಷ ಟೆಸ್ಟ್ ಕ್ರಿಕೆಟ್ಟಿನಿಂದ ದೂರ ಉಳಿದು 1967 ರಲ್ಲಿ ಮರಳಿದರು. ಆಟ ಅನ್ನ ಕೊಡದಿದ್ದ ಕಾಲದಲ್ಲಿ ಮಧ್ಯಮ ವರ್ಗದ ಯಾವ ಮನೆಯಾದರೂ ಅದೇ ದಾರಿಯನ್ನು ಹಿಡಿಯುತ್ತಿತ್ತು. ಮರಳಿ ಬಂದವರು 20 ಟೆಸ್ಟುಗಳಲ್ಲೇ ನೂರು ವಿಕೆಟ್ಟು ಮುಟ್ಟಿದ ಭಾರತೀಯರೆನಿಸಿದರು. ಆ ದಾಖಲೆಯನ್ನು 2013 ರಲ್ಲಿ ಅಶ್ವಿನ್ ಮುರಿಯುವವರೆಗೆ ಯಾರೂ ಮುಟ್ಟಲಾಗಲಿಲ್ಲ. ಆ ಐದು ವರ್ಷಗಳ ವಿಕೆಟ್ಟುಗಳನ್ನು ಯಾವ ಪುಸ್ತಕದಲ್ಲಿ ಹುಡುಕಬೇಕು?

ಐದು ವರ್ಷ ಹೋದವರು ಪ್ರಸನ್ನರಾದರೆ, ಇಡೀ ಬಾಳೇ ಹೋದವರೂ ಇದ್ದಾರೆ. ಹರಿಯಾಣದ ರಾಜಿಂದರ್ ಗೋಯಲ್ ರಣಜಿ ಟ್ರೋಫಿಯಲ್ಲಿ 637 ವಿಕೆಟ್ಟು ಪಡೆದು ಎಲ್ಲರಿಗಿಂತ ಮುಂದಾದರು. ಆದರೆ ಎಡಗೈ ಸ್ಪಿನ್ನಿಗೆ ಬೇಡಿಯವರಿದ್ದ ಕಾಲದಲ್ಲಿ ಅವರಿಗೆ ಒಂದು ಟೆಸ್ಟೂ ಲಭಿಸಲಿಲ್ಲ. 1976 ರಲ್ಲಿ ಭಾರತದ ಮಹಿಳೆಯರ ಮೊದಲ ಟೆಸ್ಟ್ ಸರಣಿಗೆ ನಾಯಕಿಯಾದ ನಮ್ಮ ನಾಡಿನ ಶಾಂತಾ ರಂಗಸ್ವಾಮಿಯವರು 1991 ರವರೆಗಿನ 15 ವರ್ಷಗಳಲ್ಲಿ ಆಡಲು ಸಿಕ್ಕಿದ್ದು 16 ಟೆಸ್ಟು. ಇವರ ಮೊತ್ತವನ್ನು ನೋಡಿ ಇವರನ್ನು ಅಳೆಯುವುದು, ಬಾವಿಗೆ ಹಗ್ಗವನ್ನೇ ಕೊಡದೆ ನೀರೆಷ್ಟು ಸೇದಿದೆಯೆಂದು ಕೇಳಿದಂತೆ.

ಈ ವಾದದಲ್ಲಿ ಪಣಕ್ಕಿಟ್ಟದ್ದು ಬರಿಯ ಹಟವಲ್ಲ ಎಂಬುದು ಇಲ್ಲಿ ಗೋಚರವಾಗುತ್ತದೆ. ಹಳೆಯ ಆಟಗಾರನನ್ನು ಹೊಸ ಅಂಕಿಯಿಂದ ಹೊಡೆದುಹಾಕಿದಾಗ ಒಬ್ಬ ಹಿರಿಯನ ಯೌವನವನ್ನೇ ಸುಳ್ಳೆಂದಂತಾಗುತ್ತದೆ. ಹೊಸಬನನ್ನು "ಇದೂ ಒಂದು ಆಟವೇ" ಎಂದು ತಳ್ಳಿಹಾಕಿದಾಗ, ತನ್ನ ಕಣ್ಣಾರೆ ದೊಡ್ಡದೊಂದನ್ನು ಕಂಡ ಹುಡುಗನ ಸಂತೋಷವನ್ನು ಕಸಿದುಕೊಂಡಂತಾಗುತ್ತದೆ. ಎರಡೂ ಅನ್ಯಾಯಗಳೇ.

ಆದ್ದರಿಂದ ವಾದಕ್ಕೆ ಕುಳಿತವರು ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಹೇಳಿಕೊಳ್ಳುವುದು ಮೇಲು. ಅವನ ಕಾಲದ ಉಳಿದವರಿಗಿಂತ ಅವನು ಎಷ್ಟು ಮುಂದಿದ್ದ? ಅವನಿಗೆ ದೊರೆತ ಅವಕಾಶವೆಷ್ಟು? ದೊಡ್ಡತನವೆಂದರೆ ವಾದಿಸುವವರ ಮನಸ್ಸಿನಲ್ಲಿರುವುದು ದೀರ್ಘ ದುಡಿಮೆಯೋ, ಒಂದು ದಿನದ ಮಿಂಚೋ? ಇಷ್ಟನ್ನು ಮೊದಲೇ ಹೇಳಿಕೊಂಡರೆ ಅರ್ಧ ಜಗಳ ತಾನಾಗಿ ತೀರುತ್ತದೆ. ಉಳಿದರ್ಧವನ್ನು ತೀರಿಸುವುದು ಬೇಡ. ಪ್ರಸನ್ನರು ಚೆಂಡನ್ನು ಹೇಗೆ ಮೇಲಕ್ಕೆ ತೂಗಿ ಬಿಡುತ್ತಿದ್ದರೆಂದು ಹಿರಿಯರು ಕೈಯೆತ್ತಿ ತೋರಿಸುವುದು ಆ ಉಳಿದರ್ಧ ಜಗಳದಲ್ಲಿಯೇ. ಚೆಂಡಿನ ಆ ಹಾರಾಟವನ್ನು ಮೊಮ್ಮಕ್ಕಳು ಬೇರೆಲ್ಲಿಯೂ ಅಷ್ಟು ಹತ್ತಿರದಿಂದ ಕಾಣಲಾರರು.