ಜಾತ್ರೆಯ ಬಿಡಾರ

ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ದಸರೆಯ ಆಯುಧಪೂಜೆಯ ಹೊತ್ತಿಗೆ ಮಾಲತೇಶಸ್ವಾಮಿಯ ಕಾರ್ಣಿಕವು ನಡೆಯುವುದನ್ನು ವಾಚಕರು ಬಲ್ಲರು. ಗೊರವಯ್ಯನು ಎತ್ತರದ ಬಿಲ್ಲನ್ನೇರಿ “ಸದ್ದಲೇ” ಎಂದೊಡನೆ ಜನಸಮೂಹವೆಲ್ಲ ನಿಶ್ಶಬ್ದವಾಗುವುದು. ಅವನಾಡುವ ಒಂದು ನುಡಿಯಿಂದ ರೈತರು ಮುಂದಿನ ಮಳೆಬೆಳೆಗಳನ್ನು ಊಹಿಸಿಕೊಳ್ಳುವರು. ಅದನ್ನು ಕೇಳಲು ಮಕ್ಕಳುಮರಿಗಳೊಡನೆ ಹೋಗಿ ಬಯಲಿನಲ್ಲಿ ರಾತ್ರಿ ಕಳೆಯುವ ಸಂಸಾರಗಳು ಉಂಟು. ಆದರೆ ಎಂತಹ ಬಿಡಾರವು ತಮಗೆ ಒಗ್ಗುವುದೆಂಬುದನ್ನು ಮನೆಯಿಂದ ಹೊರಡುವ ಮುನ್ನವೇ ಯೋಚಿಸುವವರು ಕಡಿಮೆ.

ಬಿಡಾರವನ್ನು ಆರಿಸುವಾಗ ಯಜಮಾನನ ಉತ್ಸಾಹವನ್ನಲ್ಲ, ಮನೆಯವರಲ್ಲಿ ಎಲ್ಲರಿಗಿಂತ ಅಶಕ್ತರಾದವರ ದೇಹಸ್ಥಿತಿಯನ್ನು ನೋಡಬೇಕೆಂಬುದೇ ನಮ್ಮ ಅಭಿಪ್ರಾಯ. ಗಟ್ಟಿಮುಟ್ಟಾದ ನಾಲ್ವರು ಎಲ್ಲಿಯಾದರೂ ಮಲಗಿಯಾರು. ಒಂದು ಹಸುಗೂಸು ನೆನೆದರೆ ಎಲ್ಲರ ಯಾತ್ರೆಯೂ ಕೆಟ್ಟಂತೆಯೇ.

ಹಿಂದಿನವರು ಚಕ್ಕಡಿಯನ್ನೇ ಮನೆ ಮಾಡಿಕೊಳ್ಳುತ್ತಿದ್ದರು. ಈಗ ಆ ಸ್ಥಾನಕ್ಕೆ ಟ್ರ್ಯಾಕ್ಟರಿನ ಟ್ರೇಲರು ಬಂದಿದೆ. ನಿಂತ ಟ್ರೇಲರಿನ ಮೇಲೆ ತಾಡಪತ್ರಿ ಕಟ್ಟಿದರೆ ನೆಲದ ತೇವವೂ ಹುಳಹುಪ್ಪಡಿಗಳ ಭಯವೂ ಕಡಿಮೆಯಾಗುವುವು. ದೊಡ್ಡ ಕುಟುಂಬಕ್ಕೆ ಇದು ಅನುಕೂಲ. ಗಾಲಿಗಳಿಗೆ ಕಲ್ಲು ಕೊಡಲು ಮರೆಯಬಾರದು. ಅದರ ಕೆಳಗೆ ಯಾರನ್ನೂ ಮಲಗಗೊಡಬಾರದು. ಆದರೆ ಓಡುವ ಟ್ರೇಲರಿನಲ್ಲಿ ಜನರು ಕುಳಿತುಕೊಳ್ಳುವುದು ಅಪಾಯಕರವೂ ಕಾನೂನಿಗೆ ವಿರುದ್ಧವೂ ಆದುದು. ಸಾಮಾನು ಅದರಲ್ಲಿ ಹೋಗಲಿ, ಜನರು ಬಸ್ಸಿನಲ್ಲಿ ಬರಲಿ.

ಪ್ರಾಯದ ದಂಪತಿಗಳಿಗೂ ಓಡಾಡುವ ವಯಸ್ಸಿನ ಮಕ್ಕಳಿಗೂ ಡೇರೆಯು ಸಾಕು. ದಸರೆಯ ಸುಮಾರಿಗೆ ಹಿಂಗಾರಿನ ಮಳೆಯು ಹೇಳದೆ ಕೇಳದೆ ಬರುವುದುಂಟು. ಆದುದರಿಂದ ತಗ್ಗನ್ನು ಬಿಟ್ಟು ನೀರು ಹರಿದುಹೋಗುವ ದಿಣ್ಣೆಯನ್ನು ಆರಿಸಿ, ಡೇರೆಯ ಸುತ್ತ ಗೇಣಗಲದ ಕಾಲುವೆ ತೋಡಬೇಕು. ಎರೆಮಣ್ಣಿನ ಹೊಲಕ್ಕಿಂತ ಗರಸಿನ ನೆಲವು ಲೇಸು. ನೆನೆದ ಎರೆಯಲ್ಲಿ ಗೂಟವೂ ನಿಲ್ಲದು, ಕಾಲೂ ಊರದು.

ವೃದ್ಧರು, ಗರ್ಭಿಣಿಯರು, ಬಾಣಂತಿಯರು, ಕೈಗೂಸುಗಳು ಇರುವ ಮನೆಯವರು ಬಯಲನ್ನು ಬಿಟ್ಟು ಸೂರನ್ನೇ ಹುಡುಕಬೇಕು. ಗುಡ್ಡದ ಊರಿನಲ್ಲಿ ಬಂಧುಗಳ ಮನೆ ದೊರೆಯದಿದ್ದರೆ ರಾಣೆಬೆನ್ನೂರಿನಲ್ಲಿ ತಂಗಿ, ದರ್ಶನ ಮಾಡಿಕೊಂಡು ಹಿಂದಿರುಗುವುದು ಮೇಲು. ಅದರಿಂದ ಭಕ್ತಿಗೆ ಊನವಿಲ್ಲ.

ಬಿಡಾರವು ಯಾವುದಾದರೂ ಆಗಲಿ, ಒಲೆಯು ಬಟ್ಟೆಗೆ ದೂರವಿರಬೇಕು. ಮಳೆಯೆಂದು ಇದ್ದಲಿನ ಒಲೆಯನ್ನು ಮುಚ್ಚಿದ ಡೇರೆಯೊಳಗೆ ತರುವುದು ಪ್ರಾಣಕ್ಕೇ ಕುತ್ತು. ಅದರ ವಿಷವಾಯುವಿಗೆ ವಾಸನೆಯಿಲ್ಲ, ಮಲಗಿದವರಿಗೆ ಅದು ತಿಳಿಯುವುದೇ ಇಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿಗಳ ಬುತ್ತಿಯಿದ್ದರೆ ಒಲೆಯ ಕೆಲಸವೇ ಅರ್ಧವಾಗುವುದು. ಕುಡಿಯುವ ನೀರನ್ನು ಮಾತ್ರ ಕುದಿಸಿ ಆರಿಸಿಯೇ ಕುಡಿಯತಕ್ಕದ್ದು. ಕಾರ್ಣಿಕದ ನೂಕುನುಗ್ಗಲಿನಲ್ಲಿ ಮಕ್ಕಳು ಕೈತಪ್ಪುವುದುಂಟು. ಅವರ ಜೇಬಿನಲ್ಲಿ ತಂದೆಯ ಹೆಸರು, ಊರು, ದೂರವಾಣಿಯ ಸಂಖ್ಯೆಗಳನ್ನು ಬರೆದ ಚೀಟಿಯಿರಲಿ. ಬಿಡಾರದಲ್ಲಿ ಒಬ್ಬ ಹಿರಿಯರು ತಪ್ಪದೆ ಕಾದಿರಲಿ.

ಮುಂದಿನ ದಸರೆಗೆ ಹೊರಡುವ ಗೃಹಸ್ಥರು ಗಂಟುಮೂಟೆ ಕಟ್ಟುವ ಮೊದಲು, ಮನೆಯ ಅಜ್ಜಿಯನ್ನು ಕೇಳಿ ಬಿಡಾರವನ್ನು ನಿಶ್ಚಯಿಸಲಿ.