ಕೊನೆಯ ಸಾಲಿಗೆ ಬಂದ ಊಟ

ಈ ಅಂಕಣದಲ್ಲಿ ನಾನು ಸಾಮಾನ್ಯವಾಗಿ ಆಸ್ತಿಪತ್ರ, ಅರ್ಜಿ, ಗಡುವುಗಳ ವಿಷಯವನ್ನು ಬರೆಯುತ್ತೇನೆ. ಈ ವಾರ ವಿಮಾನದ ಊಟದ ವಿಷಯವನ್ನು ಎತ್ತಿಕೊಂಡಿದ್ದೇನೆ. ಓದುತ್ತ ಹೋದಂತೆ ಇದೂ ಅರ್ಜಿ ಮತ್ತು ಗಡುವಿನ ವಿಷಯವೇ ಎಂಬುದು ಓದುಗರಿಗೆ ತಿಳಿದೀತು.

ನ್ಯಾಯಾಲಯದ ಬೇಸಗೆ ರಜೆಯಲ್ಲಿ ಲಾಸ್ ಏಂಜಲೀಸಿನಲ್ಲಿರುವ ತಂಗಿಯ ಮನೆಗೆ ಹೋಗಿ ಬಂದೆ. ದಿಲ್ಲಿಯಿಂದ ದಕ್ಷಿಣ ಕೊರಿಯದ ಇಂಚನ್ ನಿಲ್ದಾಣಕ್ಕೆ ಒಂದು ವಿಮಾನ. ಅಲ್ಲಿಂದ ಪೆಸಿಫಿಕ್ ಸಾಗರವನ್ನು ದಾಟಲು ಇನ್ನೊಂದು. ಎರಡೂ ಕೊರಿಯದವರದೇ. ಸಾಗರ ದಾಟುವ ಪ್ರಯಾಣ ಸುಮಾರು ಹನ್ನೊಂದು ಗಂಟೆಯದು. ವಿಮಾನ ಮೇಲೇರಿ ಸ್ವಲ್ಪ ಹೊತ್ತಿಗೆ ಊಟದ ತಳ್ಳುಗಾಡಿ ಬರುತ್ತದೆ. ಗಗನಸಖಿ ಬಾಗಿ ಒಂದೇ ಪ್ರಶ್ನೆ ಕೇಳುತ್ತಾಳೆ: ಕೊರಿಯನ್ ಊಟವೋ, ಪಾಶ್ಚಾತ್ಯ ಊಟವೋ? ಉತ್ತರಿಸಲು ಸಿಗುವುದು ಮೂರು ನಾಲ್ಕು ಕ್ಷಣ. ಹಿಂದಿನ ಸಾಲಿನವರು ಆಗಲೇ ಕತ್ತು ಚಾಚಿ ಕಾಯುತ್ತಿರುತ್ತಾರೆ.

ಪಾಶ್ಚಾತ್ಯ ಊಟವೆಂದರೆ ಕೋಳಿಯದೋ ದನದ್ದೋ ಮಾಂಸ, ಬೇಯಿಸಿ ಮಸೆದ ಆಲೂಗಡ್ಡೆ, ಒಂದು ಉಂಡೆ ಬ್ರೆಡ್ಡು, ಬೆಣ್ಣೆ. ಕೊರಿಯನ್ ಊಟವೆಂದರೆ ಬಹುಮಟ್ಟಿಗೆ ಬಿಬಿಂಬಪ್. ‘ಬಪ್’ ಎಂದರೆ ಅನ್ನ, ‘ಬಿಬಿಂ’ ಎಂದರೆ ಕಲಸುವುದು, ಹೆಸರೇ ಕಲಸನ್ನ. ಅಗಲವಾದ ಬಟ್ಟಲಿನಲ್ಲಿ ಬೇಯಿಸಿದ ಸೊಪ್ಪು, ಮೊಳಕೆ, ಕ್ಯಾರೆಟ್, ಅಣಬೆ ಮುಂತಾದವನ್ನು ಬೇರೆ ಬೇರೆಯಾಗಿ ಜೋಡಿಸಿ, ನಡುವೆ ಕೊಚ್ಚಿದ ದನದ ಮಾಂಸವನ್ನು ಇಟ್ಟಿರುತ್ತಾರೆ. ಬಿಸಿ ಅನ್ನ ಪ್ರತ್ಯೇಕವಾದ ಡಬ್ಬಿಯಲ್ಲಿ. ಪಕ್ಕದಲ್ಲಿ ಎಳ್ಳೆಣ್ಣೆಯ ಸಣ್ಣ ಪೊಟ್ಟಣ, ಕಡಲಸೊಪ್ಪಿನ ಸಾರು, ಹಲ್ಲುಜ್ಜುವ ಪೇಸ್ಟಿನ ಕೊಳವೆಯಂಥ ಒಂದು ಕೊಳವೆಯಲ್ಲಿ ‘ಗೋಚುಜಾಂಗ್’ ಎಂಬ ಕೆಂಪು ಖಾರ. ಮೆಣಸಿನ ಪುಡಿ, ಅಂಟಕ್ಕಿ, ಹುಳಿಬರಿಸಿದ ಸೋಯಾ ಮತ್ತು ಉಪ್ಪು ಸೇರಿ ಈ ಖಾರ ಆಗುತ್ತದೆ. ಊರಿನಲ್ಲಿ ಅದನ್ನು ಮಣ್ಣಿನ ಜಾಡಿಗಳಲ್ಲಿ ತಿಂಗಳುಗಟ್ಟಲೆ ಮಾಗಿಸುತ್ತಾರೆ.

ಹೋಗುವಾಗ ನಾನು ಈ ಎರಡರಲ್ಲಿ ಯಾವುದನ್ನೂ ಆರಿಸಬೇಕಾಗಿರಲಿಲ್ಲ. ನಾನು ಸಸ್ಯಾಹಾರಿ; ಟಿಕೆಟು ಮಾಡುವಾಗಲೇ ವಿಶೇಷ ಊಟದ ಪಟ್ಟಿಯಲ್ಲಿ ‘ಹಿಂದೂ ಊಟ’ ಎಂಬುದನ್ನು ಕಂಡು ಗುರುತು ಹಾಕಿದ್ದೆ. ಊಟ ಬಂತು. ಮುಚ್ಚಳ ತೆಗೆದರೆ ಕೋಳಿ. ತಪ್ಪು ವಿಮಾನದವರದಲ್ಲ, ನನ್ನದೇ. ವಿಮಾನಯಾನದ ಪರಿಭಾಷೆಯಲ್ಲಿ ‘ಹಿಂದೂ ಊಟ’ ಎಂದರೆ ದನದ ಮಾಂಸವಿಲ್ಲದ ಊಟ ಎಂದಷ್ಟೇ ಅರ್ಥ; ಕೋಳಿ, ಕುರಿ, ಮೀನು ಅದರಲ್ಲಿ ಇರಬಹುದು. ಅದರ ಸಂಕೇತ ಎಚ್.ಎನ್.ಎಂ.ಎಲ್. ನನಗೆ ಬೇಕಾಗಿದ್ದುದು ಎ.ವಿ.ಎಂ.ಎಲ್., ಅಂದರೆ ಏಷ್ಯಾದ ಸಸ್ಯಾಹಾರ. ವ್ಯಾಖ್ಯೆಯನ್ನು ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ ಎಂದು ಇಪ್ಪತ್ತು ವರ್ಷಗಳಿಂದ ಕಕ್ಷಿದಾರರಿಗೆ ಹೇಳುತ್ತ ಬಂದವನು, ಭೂಮಿಯಿಂದ ಮೂವತ್ತು ಸಾವಿರ ಅಡಿ ಮೇಲೆ ಆ ಪಾಠವನ್ನು ಹಸಿದ ಹೊಟ್ಟೆಯಲ್ಲಿ ಕಲಿತೆ. ಗಗನಸಖಿ ಮರುಗಿ, ಒಂದು ಡಬ್ಬಿ ಬಿಳಿ ಅನ್ನ, ಹಣ್ಣು ಮತ್ತು ಆ ಕೆಂಪು ಕೊಳವೆಯನ್ನು ತಂದುಕೊಟ್ಟಳು. ಅನ್ನಕ್ಕೆ ಗೋಚುಜಾಂಗ್ ಕಲಸಿ ತಿಂದೆ. ನಮ್ಮ ಗೊಜ್ಜಿಗೆ ಬೆಲ್ಲ ಒಂದಿಷ್ಟು ಹೆಚ್ಚಾದರೆ ಹೇಗೋ ಹಾಗಿತ್ತು. ಚೆನ್ನಾಗಿಯೇ ಇತ್ತು.

ಚೆನ್ನಾಗಿರಲು ಕಾರಣವೂ ಇದೆ. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟೇ ಇರುತ್ತದೆ; ತೇವಾಂಶ ಅನೇಕ ವೇಳೆ ಶೇಕಡಾ 20ಕ್ಕಿಂತಲೂ ಕಡಿಮೆ. ಮೂಗು ಒಣಗುತ್ತದೆ, ವಾಸನೆ ತಿಳಿಯುವುದಿಲ್ಲ, ರುಚಿ ಅರ್ಧವಾಗುತ್ತದೆ. ಲುಫ್ತಾನ್ಸಾ ಸಂಸ್ಥೆಗಾಗಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಪರೀಕ್ಷಿಸಿದಾಗ ಇಂಥ ವಾತಾವರಣದಲ್ಲಿ ಉಪ್ಪು ಮತ್ತು ಸಿಹಿ ನಾಲಗೆಗೆ ಮಂದವಾಗುವುದು ಕಂಡುಬಂತು. ಎಂಜಿನ್ನಿನ ಸದ್ದಿಗೂ ಇದರಲ್ಲಿ ಪಾಲಿದೆ. ಅಂಥ ಸದ್ದಿನ ನಡುವೆ ಸಿಹಿ ತಗ್ಗುತ್ತದೆ, ಆದರೆ ‘ಉಮಾಮಿ’ ಎಂಬ ಐದನೆಯ ರುಚಿ ಇನ್ನಷ್ಟು ಎದ್ದು ತೋರುತ್ತದೆ ಎಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದರು. ಹುಳಿಬರಿಸಿದ ಸೋಯಾದಲ್ಲಿ ಆ ರುಚಿ ಧಾರಾಳವಾಗಿದೆ. ಮಸೆದ ಆಲೂಗಡ್ಡೆ ಸಪ್ಪೆಯಾಗುವ ಎತ್ತರದಲ್ಲಿ ಗೋಚುಜಾಂಗ್ ತನ್ನ ಮಾತನ್ನು ಉಳಿಸಿಕೊಳ್ಳುವುದು ಇದರಿಂದಲೇ ಇರಬೇಕು.

ಈ ಕಲಸನ್ನ ವಿಮಾನವೇರಿದ್ದು ತಾನಾಗಿ ಅಲ್ಲ. ಕೊರಿಯನ್ ಏರ್ ಸಂಸ್ಥೆ ಅದನ್ನು 1990ರ ದಶಕದಲ್ಲಿ ವಿಮಾನದ ತಟ್ಟೆಗೆ ಹೊಂದಿಸಿತು. 1998ರಲ್ಲಿ ವಿಮಾನದ ಅಡುಗೆಗೆ ಮೀಸಲಾದ ‘ಮರ್ಕ್ಯುರಿ’ ಪ್ರಶಸ್ತಿ ಅದಕ್ಕೆ ದೊರೆಯಿತು. ಅಲ್ಲಿಯ ಜನ ತಮ್ಮ ಊಟವನ್ನು ಮನೆಯಲ್ಲಿ ಬಿಟ್ಟು ಹೊರಡುವವರಲ್ಲ. 2008ರಲ್ಲಿ ಕೊರಿಯದ ಮೊದಲ ಗಗನಯಾತ್ರಿ ಯೀ ಸೊ-ಯೋನ್ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ, ಅಲ್ಲಿಗೆಂದೇ ವಿಜ್ಞಾನಿಗಳು ಸಿದ್ಧಪಡಿಸಿದ ಕಿಮ್ಚಿಯೂ ಜೊತೆಯಲ್ಲಿ ಹೋಯಿತು.

ನನಗೆ ಹೆಚ್ಚು ಹಿಡಿಸಿದ್ದು ಬಟ್ಟಲಿನ ಜೊತೆಗಿದ್ದ ಒಂದು ಚೀಟಿ. ಬಿಬಿಂಬಪ್ ತಿನ್ನುವ ಬಗೆ ಅದರಲ್ಲಿ ಚಿತ್ರಸಹಿತ ಅಚ್ಚಾಗಿತ್ತು: ಅನ್ನವನ್ನು ಬಟ್ಟಲಿಗೆ ಹಾಕಿ, ಖಾರವನ್ನು ನಿಮಗೆ ಬೇಕಾದಷ್ಟು ಸೇರಿಸಿ, ಎಳ್ಳೆಣ್ಣೆ ಬಿಡಿ, ಚೆನ್ನಾಗಿ ಕಲಸಿ. ತಮ್ಮ ಮನೆಯ ಊಟವನ್ನು ಅರಿಯದವನನ್ನು ಹೀಗಳೆಯದೆ, ಅವನಿಗಾಗಿ ಊಟವನ್ನೂ ಕೆಡಿಸದೆ, ಕೈಹಿಡಿದು ಪಂಕ್ತಿಗೆ ಕರೆದು ಕೂರಿಸುವ ರೀತಿ ಅದು. ಅದರ ಫಲವನ್ನು ಹಿಂದಿರುಗುವಾಗ ಕಂಡೆ.

ಹಿಂದಿರುಗುವ ಪ್ರಯಾಣಕ್ಕೆ ಊಟದ ಸಂಕೇತವನ್ನು ಸರಿಪಡಿಸಿಕೊಂಡಿದ್ದೆ. ಕೊನೆಯ ಸಾಲಿಗಿಂತ ಒಂದು ಸಾಲು ಮುಂದೆ ನನ್ನ ಆಸನ. ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಕೊರಿಯದ ಅಜ್ಜಿ. ಅವರ ಆಚೆಗೆ ಇಂಗ್ಲಿಷ್ ಬಲ್ಲ ಒಬ್ಬ ಕೊರಿಯದ ಯುವಕ. ಅಜ್ಜಿ ನಾಲ್ಕು ತಿಂಗಳು ಮಗನ ಮನೆಯಲ್ಲಿದ್ದು ಊರಿಗೆ ಮರಳುತ್ತಿದ್ದರು. ಮೊಮ್ಮಕ್ಕಳಿಗೆ ಅಜ್ಜಿಯ ಅಡುಗೆ ಸೇರುವುದಿಲ್ಲವಂತೆ. ವಿಮಾನ ಹತ್ತಿದರೆ ಊರಿನ ಊಟ ಸಿಗುತ್ತದೆಂದು ಬೆಳಗ್ಗಿನಿಂದ ಏನೂ ತಿಂದಿಲ್ಲವೆಂದು ಹೇಳಿ ನಕ್ಕರು. ಯುವಕ ಅದನ್ನು ನನಗೆ ತಿಳಿಸಿದ.

ವಿಶೇಷ ಊಟ ಎಲ್ಲರಿಗಿಂತ ಮೊದಲು ಬರುತ್ತದೆ. ನನ್ನ ತಟ್ಟೆ ಬಂತು: ಅನ್ನ, ಕಡಲೆಯ ಗಸಿ, ಪನೀರು, ಮೊಸರು. ನಾನು ಮುಕ್ಕಾಲು ಪಾಲು ಮುಗಿಸುವಾಗ ತಳ್ಳುಗಾಡಿ ನಮ್ಮ ಸಾಲನ್ನು ಮುಟ್ಟಿತು. ಗಗನಸಖಿ ಅಜ್ಜಿಯ ಮುಂದೆ ಬಾಗಿ ಮೆಲುದನಿಯಲ್ಲಿ ಏನೋ ಹೇಳಿದಳು. ಹೇಳುವಾಗ ಅವಳ ಮುಖ ಕೆಂಪಾಯಿತು. ಬಿಬಿಂಬಪ್ ಮುಗಿದಿತ್ತು. ಉಳಿದದ್ದು ಕೋಳಿ ಮತ್ತು ಆಲೂಗಡ್ಡೆ.

ನಾನು ಮುಂದಿನ ಸಾಲುಗಳತ್ತ ನೋಡಿದೆ. ಅಮೆರಿಕದವರು, ಫಿಲಿಪ್ಪೀನಿನವರು, ಯಾವ ಯಾವ ನಾಡಿನವರೋ, ಚೀಟಿ ನೋಡಿಕೊಂಡು ಹಿಗ್ಗಿನಿಂದ ಅನ್ನ ಕಲಸುತ್ತಿದ್ದರು. ಕೊರಿಯದ ಊಟ ಗೆದ್ದಿತ್ತು. ಕೊರಿಯದ ಅಜ್ಜಿಗೆ ಮಾತ್ರ ಸಿಗಲಿಲ್ಲ. ಆ ವಿಮಾನದಲ್ಲಿ ಪರದೇಶಿಯಾದ ನಾನು ನನ್ನ ಊಟವನ್ನು ಉಣ್ಣುತ್ತಿದ್ದೆ; ಅದು ಯಾರ ನಾಡಿನ ವಿಮಾನವೋ ಅವರು ಬರಿಗೈಯಲ್ಲಿ ಕುಳಿತಿದ್ದರು. ತಟ್ಟೆಯಲ್ಲಿ ನನ್ನ ಅನ್ನ ಇನ್ನೂ ಸ್ವಲ್ಪ ಉಳಿದಿತ್ತು. ಆದರೆ ಎಂಜಲನ್ನು ಹಿರಿಯರ ಮುಂದೆ ಚಾಚುವುದು ಹೇಗೆ? ಕೈ ಮುಂದಾಗಲಿಲ್ಲ. ಅಜ್ಜಿ ಆಲೂಗಡ್ಡೆಗೆ ಗೋಚುಜಾಂಗ್ ಹಿಂಡಿ, ಚಮಚದಲ್ಲಿ ಕಲಸಿ, ಸದ್ದಿಲ್ಲದೆ ತಿಂದರು.

ಇಲ್ಲಿ ಯಾರನ್ನು ದೂರುವುದು? ವಿಮಾನದ ಊಟವನ್ನು ನೆಲದ ಮೇಲೆ ಬೇಯಿಸಿ, ತಣಿಸಿ, ಎಣಿಸಿ ಏರಿಸುತ್ತಾರೆ. ಮೇಲೆ ಬರೇ ಬಿಸಿಮಾಡುತ್ತಾರೆ. ಎಲ್ಲರಿಗೂ ಎರಡೆರಡು ಬಗೆಯನ್ನು ಹೊತ್ತೊಯ್ಯಲು ಜಾಗವಿಲ್ಲ, ಭಾರವೂ ಅಧಿಕ. ಆದುದರಿಂದ ಇಷ್ಟು ಮಂದಿ ಇದನ್ನು ಕೇಳಿಯಾರು, ಇಷ್ಟು ಮಂದಿ ಅದನ್ನು ಎಂಬ ಲೆಕ್ಕದ ಮೇಲೆ ತುಂಬುತ್ತಾರೆ. ‘ಯಾವುದು ಬೇಕು’ ಎಂಬ ಪ್ರಶ್ನೆ ಮೊದಲ ಸಾಲಿನವನಿಗೆ ಆಯ್ಕೆ. ಕೊನೆಯ ಸಾಲಿನವನಿಗೆ ಬರೇ ಉಪಚಾರದ ಮಾತು. ಲೆಕ್ಕ ಬರೆಯುವ ಹೊತ್ತಿಗೆ ಯಾರ ಹೆಸರು ಮತ್ತು ಸಂಕೇತ ಕಾಗದದ ಮೇಲಿತ್ತೋ ಅವನಿಗೆ ಊಟ ಖಂಡಿತ. ಅಜ್ಜಿ ತನ್ನ ಊಟಕ್ಕಾಗಿ ಅರ್ಜಿ ಹಾಕಿರಲಿಲ್ಲ. ತನ್ನ ಮನೆಯಲ್ಲಿ ಯಾರಾದರೂ ಅರ್ಜಿ ಹಾಕುತ್ತಾರೆಯೇ?

ಕಾಸರಗೋಡಿನ ಓದುಗರಿಗೆ ಇದು ಹೊಸ ಕತೆಯಲ್ಲ. 1956ರ ನವೆಂಬರ್ 1ರಂದು ನಮ್ಮ ಆಸನ ಕೇರಳವೆಂಬ ವಿಮಾನದ ಬಾಲದ ಕಡೆಗೆ ಬಂತು. ಅದೇ ವರ್ಷ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ಅನುಚ್ಛೇದ ಸೇರಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಕರ್ಯ ಒದಗಿಸುವ ಪ್ರಯತ್ನವನ್ನು ಪ್ರತಿಯೊಂದು ರಾಜ್ಯವೂ ಮಾಡಬೇಕು. ಅಂದರೆ ನಮ್ಮ ಊಟದ ಹೆಸರು ಪಟ್ಟಿಯಲ್ಲಿ ಇದೆ. ಆದರೆ ತಟ್ಟೆಗಳನ್ನು ತುಂಬುವುದು ಎಣಿಕೆಯ ಮೇಲೆ. ನಮ್ಮ ಶಾಲೆಗಳಲ್ಲಿ ಆ ಎಣಿಕೆ ನಡೆಯುವುದು ಶಾಲೆ ತೆರೆದ ಆರನೆಯ ಕೆಲಸದ ದಿನ. ಅಂದಿನ ಮಕ್ಕಳ ಸಂಖ್ಯೆಯನ್ನು ನೋಡಿಯೇ ತರಗತಿ ಎಷ್ಟು, ಅಧ್ಯಾಪಕ ಹುದ್ದೆ ಎಷ್ಟು ಎಂದು ತೀರ್ಮಾನವಾಗುತ್ತದೆ. ಕನ್ನಡವೇ ನಮ್ಮ ಮನೆಯದಲ್ಲವೇ, ಯಾವಾಗಲೂ ಸಿಕ್ಕೀತು ಎಂದು ಆರಾಮವಾಗಿ ಕುಳಿತರೆ, ತಳ್ಳುಗಾಡಿ ನಮ್ಮ ಸಾಲಿಗೆ ಬರುವಾಗ ಹುದ್ದೆ ಮುಗಿದಿರುತ್ತದೆ, ಇಲ್ಲವೇ ಕನ್ನಡ ಬಾರದ ಅಧ್ಯಾಪಕರು ಬಂದಿರುತ್ತಾರೆ. ಆಗ ನಮ್ಮ ಮಕ್ಕಳು ಸಿಕ್ಕಿದ್ದಕ್ಕೆ ಮನೆಯ ಖಾರವನ್ನು ಹಿಂಡಿಕೊಂಡು ತಿನ್ನಬೇಕಾಗುತ್ತದೆ.

ಅಜ್ಜಿಯ ಕತೆಗೆ ಇನ್ನೊಂದು ಭಾಗವಿದೆ. ಊಟ ಮುಗಿದ ಮೇಲೆ ಆ ಗಗನಸಖಿ ಮತ್ತೆ ಬಂದು, ಅಜ್ಜಿಯ ಆಸನದ ಸಂಖ್ಯೆಯನ್ನು ಒಂದು ಸಣ್ಣ ಕಾಗದದಲ್ಲಿ ಬರೆದುಕೊಂಡು ಹೋದಳು. ಇಂಚನ್ ತಲುಪಲು ಎರಡು ಗಂಟೆಯಿರುವಾಗ ಎರಡನೆಯ ಊಟ. ದೀಪ ಹತ್ತಿತು. ತಳ್ಳುಗಾಡಿ ಹೊರಡುವ ಮೊದಲೇ ಅಜ್ಜಿಯ ಮುಂದೆ ಬಿಸಿ ಅಕ್ಕಿಗಂಜಿಯ ಬಟ್ಟಲು ಬಂತು. ಅವರು ಬಟ್ಟಲನ್ನು ಎರಡು ಕೈಗಳಲ್ಲಿ ಹಿಡಿದು ಒಂದು ಗಳಿಗೆ ಸುಮ್ಮನೆ ಕುಳಿತರು. ನನಗೆ ಮನೆಯ ಗಂಜಿ ಮತ್ತು ಮಿಡಿ ಉಪ್ಪಿನಕಾಯಿ ನೆನಪಾಯಿತು. ಒಬ್ಬರು ಬರೆದಿಟ್ಟುಕೊಂಡದ್ದರಿಂದ ಕೊನೆಯ ಸಾಲು ಮೊದಲ ಸಾಲಾಯಿತು.

ಓದುಗರಿಗೆ ಎರಡು ಸೂಚನೆಗಳನ್ನು ಕೊಟ್ಟು ಮುಗಿಸುತ್ತೇನೆ. ವಿದೇಶಕ್ಕೆ ಹೋಗುವವರು, ಓದಲು ಹೋಗುವ ಮಕ್ಕಳು ಸಹ, ವಿಶೇಷ ಊಟವನ್ನು ಟಿಕೆಟು ಮಾಡುವಾಗಲೇ ಕೇಳಿರಿ. ವಿಮಾನ ಹೊರಡುವುದಕ್ಕೆ 24 ಗಂಟೆಗಿಂತ ತಡವಾದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಪ್ರಯಾಣದ ಪ್ರತಿಯೊಂದು ಹಂತಕ್ಕೂ ಅದು ದಾಖಲಾಗಿದೆಯೇ ಎಂದು ನೋಡಿರಿ. ಸಸ್ಯಾಹಾರಿಗಳು ‘ಹಿಂದೂ ಊಟ’ ಎಂಬ ಹೆಸರಿಗೆ ಮರುಳಾಗದಿರಿ. ಬಿಬಿಂಬಪ್ಪಿನಲ್ಲಿ ಸಾಮಾನ್ಯವಾಗಿ ದನದ ಮಾಂಸವಿರುತ್ತದೆ. ಕಿಮ್ಚಿಯಲ್ಲಿ ಉಪ್ಪಿಗೆ ಹಾಕಿದ ಮೀನೋ ಸಿಗಡಿಯೋ ಸೇರಿರುವುದು ವಾಡಿಕೆ.

ಎರಡನೆಯದು ಊರಿನಲ್ಲೇ ಇರುವವರಿಗೆ. ಶಾಲೆಗೆ ಸೇರಿಸುವ ಅರ್ಜಿಯಲ್ಲಿ ಕಲಿಕೆಯ ಮಾಧ್ಯಮದ ಎದುರಿಗೆ ಕನ್ನಡ ಎಂದು ನೀವೇ ಬರೆಯಿರಿ, ಬರೆದದ್ದನ್ನು ಇನ್ನೊಮ್ಮೆ ಓದಿರಿ. ಮದುವೆ, ಪೂಜೆ, ನೆಂಟರ ಮನೆ ಯಾವುದಿದ್ದರೂ ಆರನೆಯ ಕೆಲಸದ ದಿನ ಮಗು ತರಗತಿಯಲ್ಲಿ ಇರಲಿ. ಹುದ್ದೆಗೆ ಬಂದವರಿಗೆ ಕನ್ನಡ ಬಾರದಿದ್ದರೆ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಅದನ್ನು ಬಾಯಲ್ಲಿ ಹೇಳಿ ಸುಮ್ಮನಾಗದೆ, ದಿನಾಂಕ ಹಾಕಿ ಬರೆದು ಕೊಡಿರಿ. ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಿರಿ. ಆ ಗಗನಸಖಿ ಬರೆದುಕೊಂಡ ಕಾಗದ ಅಂಗೈಯಷ್ಟೂ ಇರಲಿಲ್ಲ.