ಅರ್ಜಿ ತುಂಬುವ ಮೊದಲು ಗಣಿತದ ಮಾತಾಗಲಿ



ಹತ್ತನೆಯ ಫಲಿತಾಂಶ ಬಂದದ್ದೇ ತಡ, ಮುಂಬಯಿಯ ಕನ್ನಡ ಮನೆಗಳಲ್ಲಿ ಹನ್ನೊಂದನೆಯ ತರಗತಿಯ ಅರ್ಜಿಯದೇ ಚಿಂತೆ. ಯಾವ ಕಾಲೇಜು, ಸ್ಟೇಷನ್ನಿನಿಂದ ಎಷ್ಟು ದೂರ ಎಂದೆಲ್ಲ ವಿಚಾರಿಸುತ್ತಾರೆ. ಗಣಿತ ಬೇಕೋ ಬೇಡವೋ ಎಂಬುದು ಮಾತ್ರ ಐದೇ ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಕಾಮರ್ಸ್ ಸೇರುವವರಲ್ಲಿ ಈ ಅವಸರ ಹೆಚ್ಚು. ಅನೇಕ ಜೂನಿಯರ್ ಕಾಲೇಜುಗಳಲ್ಲಿ ಗಣಿತ ಇಲ್ಲವೇ ಸೆಕ್ರೆಟರಿಯಲ್ ಪ್ರಾಕ್ಟೀಸ್ (ಎಸ್‌ಪಿ), ಎರಡರಲ್ಲಿ ಒಂದು. ‘ಎಸ್‌ಪಿ ಸುಲಭ ಕಣೋ’ ಎಂದು ಗೆಳೆಯನೊಬ್ಬ ಹೇಳಿದರೆ ಮುಗಿಯಿತು. ಆದರೆ ಕಾಮರ್ಸ್ ಗಣಿತದಲ್ಲೂ ಕಲನಶಾಸ್ತ್ರವಿದೆ. ಒಂದು ವಸ್ತುವನ್ನು ಇನ್ನಷ್ಟು ತಯಾರಿಸಿದರೆ ಖರ್ಚು ಎಷ್ಟು ಏರುತ್ತದೆ ಎಂಬ ಲೆಕ್ಕವನ್ನು ಮಕ್ಕಳು ಕಲಿಯುವುದು ಅಲ್ಲೇ. ಮೇಲಾಗಿ, ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬಿ.ಸ್ಟ್ಯಾಟ್‌ನಂಥ ಕೋರ್ಸಿಗೆ ಹನ್ನೆರಡರಲ್ಲಿ ಗಣಿತ ಓದಿರಲೇಬೇಕು.

ವಿಜ್ಞಾನದವರ ಕಷ್ಟ ಬೇರೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ 2019ರಲ್ಲಿ ತಂದ ಹನ್ನೊಂದರ ಗಣಿತ ಪುಸ್ತಕದಲ್ಲಿ ಕಲನಶಾಸ್ತ್ರದ ಪಾಠಗಳಾದ ಲಿಮಿಟ್, ಕಂಟಿನ್ಯೂಯಿಟಿ, ಡಿಫರೆನ್ಸಿಯೇಷನ್ ಇರುವುದು ಎರಡನೆಯ ಭಾಗದ ತೀರ ಕೊನೆಯಲ್ಲಿ. ಪರೀಕ್ಷೆ ಹತ್ತಿರ ಬಂದಾಗ ಆ ಪಾಠಗಳನ್ನು ಓಡಿಸಿಬಿಟ್ಟರೆ ಹನ್ನೆರಡರ ಇಂಟಿಗ್ರೇಷನ್‌ಗೆ ಬುನಾದಿಯೇ ಇರುವುದಿಲ್ಲ. ಪಾಲಿಕೆಯ ಕನ್ನಡ ಶಾಲೆಯಿಂದ ಬಂದ ಹುಡುಗಿಗೆ ಅದೆಲ್ಲ ಒಮ್ಮೆಲೇ ಇಂಗ್ಲಿಷಿನಲ್ಲಿ!

ನಗರದ ಕನ್ನಡ ಸಂಘಗಳು ರಜೆಯ ನಾಲ್ಕು ಭಾನುವಾರ ನಿವೃತ್ತ ಶಿಕ್ಷಕರನ್ನು ಕೂರಿಸಿ, ಈ ಮಕ್ಕಳಿಗೆ ವಿಷಯದ ಆಯ್ಕೆಯನ್ನೂ ಇಂಗ್ಲಿಷ್ ಪದಗಳನ್ನೂ ಕನ್ನಡದಲ್ಲೇ ಬಿಡಿಸಿ ಹೇಳಲಿ.

– ಓದುಗರೊಬ್ಬರು, ಮುಲುಂಡ್